ಲೈಬ್ರರಿಯನ್ನರ ಪಾಠ ಯಾಕೆ ಬೇಕು ಅನ್ನುವವರಿಗೆ

ಆದಿವಾಲದಿಂದ ಬಸ್ಸು ಹತ್ತಿ ಹಿರಿಯೂರು, ಚಿತ್ರದುರ್ಗಗಳಲ್ಲಿ ಡಿಗ್ರಿ ಓದುವ ಮಕ್ಕಳಿಗೆ ಮಾಹಿತಿ ಹುಡುಕುವುದನ್ನೂ ಅದನ್ನು ಒರೆಗೆ ಹಚ್ಚುವುದನ್ನೂ ಲೈಬ್ರರಿಯನ್ನರು ಕಲಿಸಬೇಕು ಎಂದರೆ ನಮ್ಮಲ್ಲೇ ಹಲವರು ಮೂಗು ಮುರಿಯುತ್ತಾರೆ. ಅವರ ಮಾತುಗಳನ್ನು ಒಂದೊಂದಾಗಿ ನೋಡೋಣ.

'ಎಲ್ಲಾ ಮೊಬೈಲಿನಲ್ಲೇ ಸಿಗುತ್ತೆ, ಕಲಿಸೋದೇನಿದೆ?'

ಸಿಗುತ್ತದೆ, ನಿಜ. ನಮ್ಮ ವಾಣಿವಿಲಾಸ ಸಾಗರ, ಅಂದರೆ ಮಾರಿಕಣಿವೆ ಜಲಾಶಯವನ್ನೇ ತೆಗೆದುಕೊಳ್ಳಿ. 1933ರಲ್ಲಿ ತುಂಬಿದ ಮಾರಿಕಣಿವೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಆಮೇಲೆ 2025ರ ಜನವರಿಯಲ್ಲಿ. 2022ರ ಸುದ್ದಿಯೊಂದನ್ನೇ ಓದಿದ ಹುಡುಗ 'ಇದುವರೆಗೆ ಎರಡೇ ಸಲ' ಎಂದು ಬರೆದುಬಿಡುತ್ತಾನೆ. ಸುದ್ದಿ ಸುಳ್ಳಲ್ಲ, ಹಳೆಯದು. ತಾರೀಖು ನೋಡು, ಬರೆದವರು ಯಾರು ಕೇಳು, ಇನ್ನೊಂದು ಕಡೆ ತಾಳೆ ಹಾಕು ಎಂದು ಪಕ್ಕದಲ್ಲಿ ನಿಂತು ಹೇಳುವವರು ಬೇಕು.

'ಪಾಠ ಮೇಷ್ಟ್ರ ಕೆಲಸ. ಲೈಬ್ರರಿಯನ್ ಪುಸ್ತಕ ಕೊಟ್ಟು ತಗೊಂಡರೆ ಸಾಕು.'

ಭಾರತದ ಗ್ರಂಥಾಲಯ ವಿಜ್ಞಾನಕ್ಕೆ ತಳಪಾಯ ಹಾಕಿದ ಎಸ್. ಆರ್. ರಂಗನಾಥನ್ ಮೊದಲು ಗಣಿತದ ಮೇಷ್ಟ್ರೇ. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು, 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಪಾಲಕರಿಗೆ ತರಬೇತಿ ಕೊಡುವ ಡಿಆರ್‌ಟಿಸಿ ಸಂಸ್ಥೆ ಕಟ್ಟಿದರು. ಅವರಿಗೆ ಎರಡೂ ಒಂದೇ ಕಸುಬಿನ ಮುಂದುವರಿಕೆಯಾಗಿತ್ತು. ದುರ್ಗದ ಶಾಸನಗಳ ಮಹತ್ವವನ್ನು ಇತಿಹಾಸದ ಮೇಷ್ಟ್ರು ಹೇಳಲಿ. ಅವು ಎಪಿಗ್ರಾಫಿಯಾ ಕರ್ನಾಟಿಕಾದ 11ನೇ ಸಂಪುಟದಲ್ಲಿವೆ, ಹುಡುಕುವ ಬಗೆ ಹೀಗೆ ಎಂದು ಲೈಬ್ರರಿಯನ್ ತೋರಿಸಲಿ. ಇದರಲ್ಲಿ ಯಾರ ಹೊಲವನ್ನು ಯಾರು ಒತ್ತಿದಂತಾಯಿತು?

'ಇವೆಲ್ಲ ಪಟ್ಟಣದ ದೊಡ್ಡ ಕಾಲೇಜಿಗೆ.'

ಹಳ್ಳಿಗೇ ಇದು ಹೆಚ್ಚು ಬೇಕು. ಇನ್‌ಫ್ಲಿಬ್‌ನೆಟ್‌ನ ಎನ್-ಲಿಸ್ಟ್ ಎಂಬ ಆನ್‌ಲೈನ್ ಗ್ರಂಥಾಲಯ ಯೋಜನೆಗೆ ಕಾಲೇಜು ಸೇರಿದ್ದರೆ ವಿದ್ಯಾರ್ಥಿ ಮನೆಯಲ್ಲೇ ಕೂತು ಇ-ಪುಸ್ತಕ, ನಿಯತಕಾಲಿಕ ತೆರೆಯಬಹುದು. ಶೋಧಗಂಗಾ ಜಾಲತಾಣದ ಪಿಎಚ್.ಡಿ. ಪ್ರಬಂಧಗಳಂತೂ ಯಾರಿಗಾದರೂ ಪುಕ್ಕಟೆ. ಆದರೆ ಬಳಸುವುದನ್ನು ಯಾರೂ ತೋರಿಸದಿದ್ದರೆ ಪಾಸ್‌ವರ್ಡ್ ಬರೆದ ಚೀಟಿ ಅಂಗಿಯ ಜೇಬಿನಲ್ಲೇ ಒಗೆದುಹೋಗುತ್ತದೆ.

'ಮೊದಲ ದಿನ ಒಂದು ಗಂಟೆ ಭಾಷಣ ಮಾಡ್ತಾರಲ್ಲ, ಅದರಿಂದೇನಾಯ್ತು?'

ಏನೂ ಆಗಲಿಲ್ಲ, ಒಪ್ಪಿದೆ. ಕಪಾಟು ತೋರಿಸಿ, ನಿಯಮ ಓದಿ ಕಳಿಸುವುದು ಪಾಠವಲ್ಲ. ಲೈಬ್ರರಿಯನ್ನರೇ ಇಲ್ಲದ ಕಾಲೇಜುಗಳೂ ಇವೆ. ಅಲ್ಲಿ ಮೊದಲು ಹುದ್ದೆ ತುಂಬಬೇಕು. ಇರುವ ಕಡೆ ಅಸೈನ್‌ಮೆಂಟ್ ಕೊಟ್ಟ ವಾರವೇ ಮೇಷ್ಟ್ರೂ ಲೈಬ್ರರಿಯನ್ನರೂ ಕೂಡಿ ಕಲಿಸಲಿ. ಕೃತಿಚೌರ್ಯದ ವಿರುದ್ಧ ಯುಜಿಸಿ 2018ರಲ್ಲೇ ನಿಯಮ ತಂದಿದೆ. ಆದರೆ ನಕಲು ಮಾಡುವ ಚಾಳಿ ಹತ್ತುವುದು ಮೊದಲ ಸೆಮಿಸ್ಟರಿನಲ್ಲಿ. ಮದ್ದೂ ಅಲ್ಲೇ ಬೀಳಬೇಕು.

ಮೊದಲ ಅಸೈನ್‌ಮೆಂಟಿಗೆ ಪ್ರಶ್ನೆಯನ್ನು ನಾನೇ ಕೊಡುತ್ತೇನೆ: ಮಾರಿಕಣಿವೆ ಈವರೆಗೆ ಎಷ್ಟು ಸಲ ಕೋಡಿ ಬಿದ್ದಿದೆ? ಉತ್ತರದ ಕೆಳಗೆ ಆಕರವೂ ತಾರೀಖೂ ಇರಲಿ. ಮೇಲೆ ನಾನು ಬರೆದದ್ದನ್ನು ಮಾತ್ರ ಹಾಗೇ ಇಳಿಸಿಕೊಳ್ಳಬೇಡಿ.