ಗಟ್ಟಿಮೇಳಕ್ಕೆ ‘ಒನ್ಸ್ ಮೋರ್’ ಯಾಕೆ?

ಗಟ್ಟಿಮೇಳ ಮೊಳಗಿದೊಡನೆ ಅಕ್ಷತೆ ಹಿಡಿದು ಎದ್ದು ನಿಂತವರ ಕಣ್ಣಿಗೆ ಈಗ ವಧೂವರರು ಬೀಳುವುದಿಲ್ಲ. ಬೀಳುವುದು ಫೋಟೋಗ್ರಾಫರುಗಳು, ವಿಡಿಯೊದವರು ಮತ್ತು ಲೈಟ್ ಹಿಡಿದ ಹುಡುಗನ ಬೆನ್ನುಗಳು. ಆ ಗೋಡೆಯ ಆಚೆ ವರ ತಾಳಿಯ ಎರಡನೇ ಗಂಟಿಗೆ ಬರುವಷ್ಟರಲ್ಲಿ ‘ಸರ್, ಹಾಗೇ ಹಿಡ್ಕೊಳ್ಳಿ, ಸ್ವಲ್ಪ ಈ ಕಡೆ ನೋಡಿ’ ಎಂಬ ಅಪ್ಪಣೆಯಾಗುತ್ತದೆ. ವರ ಗಂಟು ಬಿಟ್ಟು ಲೆನ್ಸಿನತ್ತ ನಗುತ್ತಾನೆ, ಪುರೋಹಿತರು ಕಾಯುತ್ತಾರೆ. ಪಂಚಾಂಗ ತಿರುವಿ ನಿಮಿಷಗಳ ಲೆಕ್ಕದಲ್ಲಿ ಲಗ್ನ ಗೊತ್ತುಮಾಡಿದ ಮನೆಯವರೇ ಕ್ಯಾಮೆರಾಕ್ಕಾಗಿ ಆ ನಿಮಿಷಗಳನ್ನು ತಡೆದು ನಿಲ್ಲಿಸಲು ಒಪ್ಪುತ್ತಾರೆಂಬುದು ಸಣ್ಣ ಸೋಜಿಗವೇನಲ್ಲ. ಇದಕ್ಕೆ ಪರಿಹಾರ ಮದುವೆಯನ್ನು ಸಾಕ್ಷ್ಯಚಿತ್ರದಂತೆ ದಾಖಲಿಸುವ ಕ್ರಮ. ಅದನ್ನು ಹೊಸದೊಂದು ಶೈಲಿ ಎಂದುಕೊಂಡವರೇ ಹೆಚ್ಚು. ನನ್ನ ದೃಷ್ಟಿಯಲ್ಲಿ ಅದೊಂದು ಕಟ್ಟುಪಾಡು: ಫೋಟೋಗ್ರಾಫರ್ ಬಾರದೆ ಹೋಗಿದ್ದರೂ ಏನು ನಡೆಯುತ್ತಿತ್ತೋ ಅದನ್ನಷ್ಟೇ ತೆಗೆಯಬೇಕು.

ಅಪ್ಪಣೆ ಕೊಡುವ ಚಾಳಿಗೆ ಒಂದು ಕಾಲದಲ್ಲಿ ಕಾರಣವಿತ್ತು. 35 ಎಂಎಂ ರೋಲಿನಲ್ಲಿ ಸಿಗುತ್ತಿದ್ದುದು 36 ಚಿತ್ರ, ಸ್ಟುಡಿಯೊದವರ ಚೌಕ ಕ್ಯಾಮೆರಾದ 120 ರೋಲಿನಲ್ಲಿ ಬರೀ 12. ಫ್ಲ್ಯಾಷ್ ಮತ್ತೆ ಚಾರ್ಜ್ ಆಗಲು ಹೊತ್ತು ಹಿಡಿಯುತ್ತಿತ್ತು. ಮಂಟಪದ ಮಬ್ಬು ಬೆಳಕು ಆ ಫಿಲ್ಮಿಗೆ ಸಾಲುತ್ತಿರಲಿಲ್ಲ. ಒಂದು ಚಿತ್ರ ಕೆಟ್ಟರೆ ದುಡ್ಡೂ ಹೋಯಿತು, ಘಳಿಗೆಯೂ ಹೋಯಿತು. ಹಾಗಾಗಿ ‘ಅಲುಗಾಡಬೇಡಿ’ ಎನ್ನುವುದು ಅನಿವಾರ್ಯವಾಗಿತ್ತು. ಇಂದಿನ ಕ್ಯಾಮೆರಾ ಐಎಸ್‌ಒ 6400ರಲ್ಲೂ ಮಂಟಪದ ಬೆಳಕಿನಲ್ಲೇ ಒಳ್ಳೆಯ ಚಿತ್ರ ಕೊಡುತ್ತದೆ. ಮಿರರ್‌ಲೆಸ್ ಕ್ಯಾಮೆರಾದ ಎಲೆಕ್ಟ್ರಾನಿಕ್ ಶಟರ್ ಸದ್ದೂ ಮಾಡುವುದಿಲ್ಲ. 85 ಎಂಎಂ ಲೆನ್ಸ್ ಇದ್ದವನು ಹಸೆಮಣೆಗೆ ಆತುಕೊಂಡು ನಿಲ್ಲಬೇಕಾಗಿಲ್ಲ. ಕಾರಣ ತೊಲಗಿತು, ಚಾಳಿ ಮಾತ್ರ ಉಳಿಯಿತು. ಉಳಿದದ್ದಷ್ಟೇ ಅಲ್ಲ, ಪ್ರಿ-ವೆಡ್ಡಿಂಗ್ ಶೂಟು, ಡ್ರೋನು, ಹೊಗೆ ಯಂತ್ರಗಳ ಜತೆ ಸೇರಿ ಬೆಳೆಯಿತು. ‘ಕ್ಯಾಂಡಿಡ್’ ಎನ್ನುವುದೂ ಈಗ ಪ್ಯಾಕೇಜಿನ ಒಂದು ಬಾಬತ್ತು. ‘ನೀವು ಮಾತಾಡ್ತಾ ಇರಿ ಮೇಡಂ, ನನ್ನನ್ನ ನೋಡಬೇಡಿ’ ಎಂದು ಹೇಳಿ ತೆಗೆಯುವ ಕ್ಯಾಂಡಿಡ್!

ಸಾಕ್ಷ್ಯಚಿತ್ರದಂತೆ ದಾಖಲಿಸುವ ಕ್ರಮವನ್ನು ಅಮೆರಿಕದಲ್ಲಿ ಜನಪ್ರಿಯಗೊಳಿಸಿದವರಲ್ಲಿ ಫೋಟೋಗ್ರಾಫರ್ ಡೆನಿಸ್ ರೆಗ್ಗಿ ಮುಖ್ಯರು. 1996ರಲ್ಲಿ ಜಾರ್ಜಿಯಾದ ಕಂಬರ್‌ಲೆಂಡ್ ದ್ವೀಪದ ಪುಟ್ಟ ಮರದ ಚರ್ಚಿನಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿಯವರ ಮಗ ಜಾನ್ ಎಫ್. ಕೆನಡಿ ಜೂನಿಯರ್ ಮದುವೆ ಗುಟ್ಟಾಗಿ ನಡೆಯಿತು. ಚರ್ಚಿನಿಂದ ಹೊರಬರುತ್ತ ಆತ ಮಡದಿಯ ಕೈಗೆ ಮುತ್ತಿಟ್ಟ ಗಳಿಗೆಯನ್ನು ರೆಗ್ಗಿ ಹಿಡಿದರು. ಕತ್ತಲಾಗುತ್ತಿತ್ತು, ಚಿತ್ರವೂ ಅಷ್ಟೇನೂ ಸ್ಫುಟವಾಗಿಲ್ಲ. ಆದರೂ ಆ ಮದುವೆ ಎಂದರೆ ಜಗತ್ತಿಗೆ ನೆನಪಾಗುವುದು ಅದೇ.

ಹೇಳಿ ಮಾಡಿಸುವುದನ್ನು ಬಿಟ್ಟರೆ ಕೆಲಸ ಹಗುರಾಗುತ್ತದೆ ಎಂದುಕೊಳ್ಳಬೇಕಿಲ್ಲ. ಅಂತರಪಟ ಸರಿದದ್ದೇ ತಡ ಜೀರಿಗೆ-ಬೆಲ್ಲ ಬೀಳುತ್ತದೆ, ಯಾರು ಮೊದಲು ಹಾಕುತ್ತಾರೆ ಎಂಬ ತುಂಟ ಪೈಪೋಟಿ ಎರಡು ಕ್ಷಣದಲ್ಲಿ ಮುಗಿಯುತ್ತದೆ. ಅದು ಬೇಕೆಂದರೆ ಪಟ ಸರಿಯುವ ಮೊದಲೇ ಇಬ್ಬರ ಮುಖವೂ ಕಾಣುವ ಪಕ್ಕದಲ್ಲಿ ನಿಂತಿರಬೇಕು. ಧಾರೆಯ ನೀರು ಬೀಳುವಾಗ ಎಲ್ಲ ಕ್ಯಾಮೆರಾಗಳೂ ಕೈಗಳ ಮೇಲಿರುತ್ತವೆ. ಹುಡುಗಿಯ ಅಪ್ಪನ ಮುಖವೂ ಅದೇ ಹೊತ್ತಿಗೆ ಬದಲಾಗುತ್ತದೆಂದು ತಿಳಿದವನು ಒಬ್ಬನಾದರೂ ಇರಬೇಕು. ಕೊಡವರ ಮದುವೆಗೆ ಪುರೋಹಿತರಿಲ್ಲ. ಬಾಳೆದಿಂಡು ಕಡಿಯುವುದು, ನೀರು ಹೊತ್ತು ಬರುವ ಮದುಮಗಳ ದಾರಿಗೆ ಅಡ್ಡ ನಿಂತು ಗಂಡಿನ ಕಡೆಯವರು ಕುಣಿಯುವುದು ಅಲ್ಲಿನ ಜೀವಾಳ. ಬೆಂಗಳೂರಿನ ಮಂಟಪದ ಪಟ್ಟಿ ಹಿಡಿದು ಹೋದವನು ಅಲ್ಲಿ ತಬ್ಬಿಬ್ಬಾಗುತ್ತಾನೆ. ಶಾಸ್ತ್ರ ಗೊತ್ತಿಲ್ಲದವನೇ ‘ಇನ್ನೊಂದ್ಸಲ ಮಾಡಿ’ ಎನ್ನುವುದು.

ಅಜ್ಜ-ಅಜ್ಜಿ, ಬೀಗರು, ಸೋದರಮಾವಂದಿರು ಸಾಲಾಗಿ ನಿಂತ ಫೋಟೋ ಬೇಡವೇ ಎಂದು ಹಿರಿಯರು ಕೇಳುತ್ತಾರೆ. ಖಂಡಿತ ಬೇಕು. ಗ್ರೂಪ್ ಫೋಟೋದಲ್ಲಿ ಮೋಸವಿಲ್ಲ, ಎಲ್ಲರೂ ಕ್ಯಾಮೆರಾಕ್ಕಾಗಿಯೇ ನಿಂತಿದ್ದಾರೆಂದು ನೋಡಿದವರಿಗೆಲ್ಲ ಗೊತ್ತು. ಊಟಕ್ಕೆ ಮೊದಲು ಅರ್ಧ ಗಂಟೆ ಅದಕ್ಕೆಂದೇ ತೆಗೆದಿಟ್ಟರಾಯಿತು; ಆರತಕ್ಷತೆಯಂತೂ ಇರುವುದೇ ಅದಕ್ಕೆ. ನನ್ನ ತಕರಾರು ಹೇಳಿ ಮಾಡಿಸಿದ್ದನ್ನು ತಾನಾಗಿ ಆದದ್ದೆಂದು ತೋರಿಸುವುದರ ಬಗ್ಗೆ. ಖರ್ಚು ಮಾಡಿದವರಿಗೆ ಚೆಂದ ಬೇಡವೇ ಎಂಬ ಇನ್ನೊಂದು ಮಾತಿದೆ. ಇಂದು ಚೆಂದ ಕಂಡದ್ದೇ ಮುಂದೂ ಬೇಕಾಗುತ್ತದೆಂದು ಹೇಳಲಾಗದು. ಹಳೆಯ ಆಲ್ಬಮ್ ತೆರೆದವರು ಹುಡುಕುವುದು ಹಿಂದಿನ ಸಾಲಿನಲ್ಲಿ ಅರ್ಧ ಕಂಡ ಚಿಕ್ಕಮ್ಮನನ್ನು, ಪಂಕ್ತಿಯಲ್ಲಿ ಬಡಿಸುತ್ತಿದ್ದ ದೊಡ್ಡಪ್ಪನನ್ನು.

ತೂಕವಿರುವ ಆಕ್ಷೇಪ ಬೇರೆಯದು. ಪೋಸ್ ಕೊಡುವವರಿಗೆ ತಾವು ಹೇಗೆ ಕಾಣಬೇಕೆಂಬುದು ತಮ್ಮ ಕೈಯಲ್ಲಿರುತ್ತದೆ. ಗೊತ್ತಿಲ್ಲದೆ ತೆಗೆಸಿಕೊಂಡವರಿಗೆ ಆ ಅಧಿಕಾರವಿಲ್ಲ. ಮದುವೆ ಫೋಟೋಗ್ರಾಫರ್ ಆಗಿಯೇ ದುಡಿದ ಬೆಂಗಳೂರಿನ ಮಹೇಶ್ ಶಾಂತಾರಾಮ್ ‘ಮ್ಯಾಟ್ರಿಮೇನಿಯಾ’ ಎಂಬ ಸರಣಿಯಲ್ಲಿ ಭಾರತದ ಮದುವೆಗಳ ಅಬ್ಬರದ ಮಗ್ಗುಲಲ್ಲಿರುವ ಒಂಟಿತನವನ್ನೂ ತೋರಿಸಿದರು. ಕಲಾಕೃತಿಯಾಗಿ ಅದು ದೊಡ್ಡದು. ಆದರೆ ಆ ತೀಕ್ಷ್ಣ ಕಣ್ಣನ್ನು ಮನೆಯ ಆಲ್ಬಮ್ಮಿಗೂ ಬಯಸುವವರು ಕಡಿಮೆ, ಬಯಸಬೇಕೆಂದೂ ಇಲ್ಲ. ಹೆಣ್ಣೊಪ್ಪಿಸುವಾಗ ಬಿಕ್ಕುವ ತಾಯಿಯ ಚಿತ್ರ ಮನೆಯವರದು. ಅವರನ್ನು ಕೇಳದೆ ಅದು ಫೋಟೋಗ್ರಾಫರನ ಇನ್‌ಸ್ಟಾಗ್ರಾಮ್ ಪುಟ ಸೇರಿದರೆ ಅದು ಪೋಸ್ ಕೊಡಿಸುವುದಕ್ಕಿಂತ ದೊಡ್ಡ ತಪ್ಪು. ಹೀಗಾಗಿ ಕರಾರಿನಲ್ಲೇ ಎರಡು ಮಾತು ಬರೆಸಿಕೊಳ್ಳಬೇಕು: ಯಾವುದನ್ನು ಅಳಿಸಬೇಕೆಂದು ಹೇಳುವ ಹಕ್ಕು ಮನೆಯವರದು, ಒಪ್ಪಿಗೆಯಿಲ್ಲದೆ ಯಾವುದೂ ಹೊರಗೆ ಹೋಗಕೂಡದು.

ಮುಂಗಡ ಕೊಡುವ ಮುನ್ನ ಆಯ್ದ ಐವತ್ತು ಚಿತ್ರ ನೋಡಿ ಮರುಳಾಗುವ ಬದಲು, ಚಪ್ಪರದಿಂದ ಬೀಗರೂಟದವರೆಗೆ ಒಂದೇ ಮದುವೆಯ ಪೂರ್ತಿ ಚಿತ್ರಗಳನ್ನು ಕೇಳಿ ನೋಡಬಹುದು. ಧಾರೆಯ ಹೊತ್ತಿಗೆ ಎಲ್ಲಿ ನಿಲ್ಲುತ್ತೀರಿ, ಎಷ್ಟು ಜನ ವೇದಿಕೆ ಹತ್ತುತ್ತೀರಿ ಎಂದೂ ಕೇಳಬಹುದು. ಅಕ್ಷತೆ ಹಿಡಿದು ನಿಂತವರ ಪರವಾಗಿ ಆ ಪ್ರಶ್ನೆ ಕೇಳಲು ಇನ್ನಾರೂ ಇರುವುದಿಲ್ಲ.