ಹೆಸರು ಬೇರೆ, ಗುರುತು ಒಂದೇ!

ಹಾಲಿನ ಲೆಕ್ಕ ಬರೆದಿಡೋಕೆ ಅಂತ ಅಮ್ಮನಿಗೆ ನಾನೇ ಒಂದು ಪುಟ್ಟ ಆಂಡ್ರಾಯ್ಡ್ ಆ್ಯಪ್ ಮಾಡಿಕೊಟ್ಟಿದ್ದೆ. ಮೊನ್ನೆ ಚಿಕ್ಕಪ್ಪನ ಮಗ ತಾನು ಮಾಡಿದ ಪಂಚಾಂಗದ ಆ್ಯಪನ್ನು ಅದೇ ಫೋನಿಗೆ ಹಾಕಲು ಹೋದ. ಆಗಲೇ ಇಲ್ಲ. ನನ್ನದನ್ನು ತೆಗೆದ ಮೇಲೆ ಸಲೀಸಾಗಿ ಕೂತಿತು. ಆದರೆ ಅಮ್ಮ ಬರೆದಿಟ್ಟ ಮೂರು ತಿಂಗಳ ಲೆಕ್ಕವೂ ಹೋಯಿತು!

ತಪ್ಪು ನನ್ನದೇ. ನಮಗೆ ಕಾಣುವ ಹೆಸರನ್ನು ಫೋನು ನೋಡೋದಿಲ್ಲ. ಪ್ರತಿ ಆ್ಯಪಿಗೂ ಒಳಗೊಂದು ಗುರುತು ಇರುತ್ತೆ, ಅಪ್ಲಿಕೇಶನ್ ಐಡಿ ಅಂತ. ಅದು ಒಂದೇ ಆದರೆ ಹೊಸದನ್ನು ಹಳೆಯದರ ಅಪ್‌ಡೇಟ್ ಅಂದುಕೊಳ್ಳುತ್ತೆ. ಮಾಡಿದವರ ಡಿಜಿಟಲ್ ಸಹಿ ಬೇರೆ ಇದ್ದರೆ ಒಳಗೇ ಬಿಡಲ್ಲ. ನಾವಿಬ್ಬರೂ ಪಾಠದಲ್ಲಿದ್ದ ‘ಕಾಮ್ ಡಾಟ್ ಎಕ್ಸಾಂಪಲ್’ ಐಡಿಯನ್ನು ಹಾಗೇ ಬಿಟ್ಟಿದ್ವಿ. ಪ್ಲೇ ಸ್ಟೋರ್ ಆಗಿದ್ದರೆ ಅದನ್ನು ತಗೊಳ್ತಾನೇ ಇರಲಿಲ್ಲ.

ನಿಮ್ಮ ಮನೆಯ ಮಕ್ಕಳು ಆ್ಯಪ್ ಮಾಡ್ತಿದ್ದರೆ ಮೊದಲ ದಿನವೇ ಹೇಳಿ: ಸ್ವಂತ ವೆಬ್ ವಿಳಾಸ ಇದ್ದರೆ ಅದನ್ನು ಹಿಂದುಮುಂದಾಗಿ ಬರೆದು, ಕೊನೆಗೆ ಆ್ಯಪಿನ ಹೆಸರು ಸೇರಿಸಿ ಐಡಿ ಮಾಡಿಕೊಳ್ಳಲಿ. ಪ್ಲೇ ಸ್ಟೋರಿಗೆ ಹೋದ ಮೇಲೆ ಅದನ್ನು ಬದಲಿಸೋಕಾಗಲ್ಲ.

ಅಮ್ಮ ಈಗ ಗೋಡೆ ಕ್ಯಾಲೆಂಡರಿನಲ್ಲೇ ಹಾಲಿನ ಲೆಕ್ಕ ಬರೀತಿದ್ದಾರೆ.