ಕೇಳಿಸಿಕೊಳ್ಳುವವರೂ ಕಲಿಯುತ್ತಿರಬೇಕು



ಕೆಲವು ವರ್ಷಗಳ ಹಿಂದಿನ ಮಾತು. ಬಸವಕಲ್ಯಾಣದ ಹತ್ತಿರದ ಹಳ್ಳಿಯೊಂದರಲ್ಲಿ ಮದುವೆಯಿತ್ತು. ರಾತ್ರಿ ಮೋಡ ಕಟ್ಟಿದಾಗ ಅಂಗಳದಲ್ಲಿದ್ದವರೆಲ್ಲ ಚಾಪೆ ಸುತ್ತಿಕೊಂಡು ಒಳಗೆ ಬಂದರು. ಉಮರ್ಗಾ ಕಡೆಯಿಂದ ಬಂದಿದ್ದ ಒಬ್ಬ ಅಜ್ಜಿ ಮಾತ್ರ ಏಳಲಿಲ್ಲ.

"ಒಳಗ ಬರ್ರಿ ಆಯಿ, ಮಳಿ ಬರಂಗದ" ಎಂದೆ.

"ನೀವು ಮಲಕೋರಿ. ನನಗ ಕಲ್ಲಿನ ಗ್ವಾಡಿ ಒಳಗ ನಿದ್ದಿ ಹತ್ತಂಗಿಲ್ಲ" ಎಂದರು. ಸ್ವಲ್ಪ ಹೊತ್ತು ಬಿಟ್ಟು ತಾವೇ ಹೇಳಿದರು: "ಭೂಕಂಪದಾಗ ಮಗಳು ಹೋದಳು. ಎರಡು ಮೊಮ್ಮಕ್ಕಳೂ ಹೋದವು."

ಏನಾದರೂ ಸಮಾಧಾನ ಹೇಳಬೇಕು ಅನ್ನಿಸಿತು. "ಎಷ್ಟೋ ವರ್ಷ ಆಯ್ತಲ್ಲ ಆಯಿ, ಮರತ್ ಬಿಡ್ರಿ. ಉಳದವರನ್ನ ನೋಡಿ ಸಮಾಧಾನ ಮಾಡ್ಕೋರಿ" ಎಂದುಬಿಟ್ಟೆ. ಅಜ್ಜಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಮಗ್ಗುಲಾದರು. ಮಾತು ಅಲ್ಲಿಗೇ ಮುಗಿಯಿತು.

ಮುಂದೊಂದು ದಿನ ಆಪ್ತಸಲಹೆಯ ಎರಡು ದಿನದ ತರಬೇತಿಗೆ ಹೋಗಿದ್ದೆ. ದುಃಖದಲ್ಲಿರುವವರಿಗೆ ಏನು ಹೇಳಬಾರದು ಎಂದು ಅಲ್ಲಿ ಹಲಗೆಯ ಮೇಲೆ ಪಟ್ಟಿ ಬರೆದರು. ಮೊದಲನೆಯ ಸಾಲೇ "ಮರೆತುಬಿಡಿ" ಎಂದಿತ್ತು. ಅಜ್ಜಿಯ ಸೆರಗು ಕಣ್ಣ ಮುಂದೆ ಬಂತು. ಒಳ್ಳೆಯ ಮನಸ್ಸೊಂದಿದ್ದರೆ ಸಾಲದು, ಕೇಳಿಸಿಕೊಳ್ಳುವುದನ್ನೂ ಕಲಿಯಬೇಕು ಎಂದು ಅಂದು ಅರಿತೆ. ಒಮ್ಮೆ ಕಲಿತರೂ ಸಾಲದು ಎಂಬುದು ಆಮೇಲೆ ತಿಳಿಯಿತು.

ಆ ರಾತ್ರಿ, ಆ ಗಡಿನಾಡು

ಉಮರ್ಗಾ, ನಿಲಂಗಾ, ಉದಗೀರ್ ನಮಗೆ ದೂರದ ಊರುಗಳಲ್ಲ. ನಿಲಂಗಾ ಮತ್ತು ಉದಗೀರ್ ತಾಲ್ಲೂಕುಗಳು 1956ರವರೆಗೆ ಬೀದರ್ ಜಿಲ್ಲೆಯಲ್ಲೇ ಇದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಅವು ಆಚೆ ಹೋದರೂ ನೆಂಟಸ್ತಿಕೆ ಮತ್ತು ಸಂತೆ ಉಳಿದವು. ಎಷ್ಟೋ ಮನೆಗಳಲ್ಲಿ ಕನ್ನಡವೂ ಉಳಿಯಿತು.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, 3 ಗಂಟೆ 56 ನಿಮಿಷಕ್ಕೆ, ಅಲ್ಲಿ ಭೂಮಿ ನಡುಗಿತು. ಹಿಂದಿನ ದಿನವಷ್ಟೇ ಗಣಪತಿ ವಿಸರ್ಜನೆಯಾಗಿತ್ತು. ದಣಿದ ಜನ ಗಾಢ ನಿದ್ರೆಯಲ್ಲಿದ್ದರು. ಔಸಾ ತಾಲ್ಲೂಕಿನ ಕಿಲ್ಲಾರಿ, ಆಗ ಉಮರ್ಗಾ ತಾಲ್ಲೂಕಿನಲ್ಲಿದ್ದ ಸಾಸ್ತೂರು ಮತ್ತು ಸುತ್ತಲಿನ ಹಳ್ಳಿಗಳು ನೆಲಸಮವಾದವು. ಕಲ್ಲು ಮಣ್ಣಿನ ದಪ್ಪ ಗೋಡೆಗಳು, ಮೇಲೆ ಮಣ್ಣು ಹೇರಿದ ಭಾರದ ಮಾಳಿಗೆ. ಬಿಸಿಲಿಗೆ ತಂಪು ಕೊಟ್ಟ ಮನೆಗಳೇ ಮಲಗಿದವರ ಮೇಲೆ ಬಿದ್ದವು. ಸತ್ತವರು ಎಂಟರಿಂದ ಹತ್ತು ಸಾವಿರ ಎನ್ನುತ್ತಾರೆ.

ಸರ್ಕಾರ ಮತ್ತು ಸಂಘ ಸಂಸ್ಥೆಗಳು ಸೇರಿ ಹೊಸ ಊರುಗಳನ್ನು ಕಟ್ಟಿದವು. ಆದರೆ ಮನಸ್ಸಿನ ಮನೆ ಕಟ್ಟುವವರು ಯಾರು? ಭೂಕಂಪದ ನಂತರ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಪುಣೆಯ ಮಹಾರಾಷ್ಟ್ರ ಮಾನಸಿಕ ಆರೋಗ್ಯ ಸಂಸ್ಥೆಯ ಮೂಲಕ ಸಂತ್ರಸ್ತರ ಮನಸ್ಥಿತಿಯ ಅಧ್ಯಯನಕ್ಕೆ ವ್ಯವಸ್ಥೆ ಮಾಡಿತು. ಆಗ ಅದರ ನಿರ್ದೇಶಕರಾಗಿದ್ದವರು ಡಾ. ಮೋಹನ್ ಆಗಾಶೆ. ಸಿನಿಮಾ, ನಾಟಕಗಳಲ್ಲಿ ನಾವು ಅವರನ್ನು ನಟರಾಗಿ ನೋಡಿದ್ದೇವೆ, ಅವರು ಮನೋವೈದ್ಯರು. ವಿಪತ್ತು ಮೂಳೆ ಮುರಿಯುವಂತೆ ಮನಸ್ಸನ್ನೂ ಮುರಿಯುತ್ತದೆ ಎಂಬುದನ್ನು ನಮ್ಮ ದೇಶ ಭೋಪಾಲದ ಅನಿಲ ದುರಂತದಿಂದ (1984) ಕಲಿಯತೊಡಗಿತ್ತು. ಕಿಲ್ಲಾರಿ ಆ ಪಾಠವನ್ನು ನಮ್ಮ ಗಡಿಗೇ ತಂದಿತು.

ತಜ್ಞರು ಕಡಿಮೆ, ನೋವು ಹೆಚ್ಚು

ಹಳ್ಳಿಹಳ್ಳಿಗೆ ಮನೋವೈದ್ಯರು ಬರಲಾರರು. ಇದಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಬಹಳ ಹಿಂದೆಯೇ ಒಂದು ದಾರಿ ಹುಡುಕಿತು. 1970ರ ದಶಕದಲ್ಲಿ ಆನೇಕಲ್ ಕಡೆಯ ಸಕಲವಾರದಲ್ಲಿ, ನಂತರ 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಮತ್ತು ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆ ಗುರುತಿಸುವ, ಉಪಚರಿಸುವ ತರಬೇತಿ ಕೊಟ್ಟಿತು. ಬಳ್ಳಾರಿಯ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಮರಾಠವಾಡದಲ್ಲಿ ಬರಗಾಲ, ಸಾಲ, ರೈತರ ಆತ್ಮಹತ್ಯೆ ಹೆಚ್ಚಿದಾಗ ಮಹಾರಾಷ್ಟ್ರ ಸರ್ಕಾರ 2015ರಲ್ಲಿ 'ಪ್ರೇರಣಾ ಪ್ರಕಲ್ಪ' ಆರಂಭಿಸಿ, ಆಶಾ ಕಾರ್ಯಕರ್ತೆಯರನ್ನೂ ಈ ಕೆಲಸಕ್ಕೆ ಸಜ್ಜುಗೊಳಿಸಿತು.

ಆದರೆ ತರಬೇತಿ ಎಂದರೆ ಒಂದು ಸಲ ಹಾಕಿಸಿಕೊಳ್ಳುವ ಚುಚ್ಚುಮದ್ದಲ್ಲ. ಕಲಿತ ವೈದ್ಯರಿಗೆ ವರ್ಗವಾಗುತ್ತದೆ. ಬಳಸದ ವಿದ್ಯೆ ಮರೆಯುತ್ತದೆ. ಇದಕ್ಕಿಂತ ದೊಡ್ಡ ಕಾರಣವೂ ಇದೆ: ನಿನ್ನೆ ಸರಿ ಎಂದು ಕಲಿಸಿದ್ದು ಇಂದು ತಪ್ಪಾಗಬಹುದು.

ಎರಡು ಉದಾಹರಣೆ ಕೊಡುತ್ತೇನೆ.

1980-90ರ ದಶಕಗಳಲ್ಲಿ, ದುರಂತವಾದ ಕೂಡಲೇ ಬದುಕುಳಿದವರನ್ನು ಕೂರಿಸಿ ನಡೆದದ್ದನ್ನೆಲ್ಲ ಬಿಡಿಬಿಡಿಯಾಗಿ ಹೇಳಿಸುವ ಪದ್ಧತಿ ಜಗತ್ತಿನಲ್ಲಿ ಜನಪ್ರಿಯವಾಗಿತ್ತು. ಮುಂದೆ ಅಧ್ಯಯನಗಳು ನಡೆದಾಗ, ಒಮ್ಮೆ ಕೂರಿಸಿ ಹೀಗೆ ಹೇಳಿಸುವುದರಿಂದ ಲಾಭ ಕಾಣಲಿಲ್ಲ. ಕೆಲವರಿಗೆ ತೊಂದರೆಯೇ ಆಗಬಹುದು ಎಂದು ತಿಳಿಯಿತು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಕೈಪಿಡಿ ಮೂರೇ ಹೆಜ್ಜೆ ಹೇಳುತ್ತದೆ: ನೋಡು, ಕೇಳು, ಜೋಡಿಸು. ಅವರಿಗೆ ಏನು ಬೇಕಾಗಿದೆ ನೋಡು. ಹೇಳಿದಷ್ಟನ್ನು ಕೇಳು, ಒತ್ತಾಯ ಮಾಡಬೇಡ. ಬೇಕಾದ ನೆರವಿಗೆ, ಬಂಧುಗಳಿಗೆ ಅವರನ್ನು ಜೋಡಿಸು. ಹಳೆಯದನ್ನೇ ನೆಚ್ಚಿ ಕುಳಿತ ಸಲಹೆಗಾರರು ಗಾಯವನ್ನು ಕೆದಕುತ್ತಲೇ ಇರುತ್ತಾರೆ.

ಎರಡನೆಯದು ಕಾನೂನು. ವಿಷ ಕುಡಿದು ಬದುಕುಳಿದವರ ಮೇಲೆ ಕೇಸು ಬೀಳುತ್ತದೆಂದು ಹೆದರಿ ಮನೆಯವರು ವಿಷಯ ಮುಚ್ಚಿಡುತ್ತಿದ್ದರು. 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಇದನ್ನು ಬದಲಿಸಿತು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಿ, ಶಿಕ್ಷೆಯ ಬದಲು ಆರೈಕೆ ಕೊಡಬೇಕು ಎಂದಿತು. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹಳೆಯ 309ನೆಯ ಕಲಮು ಉಳಿದಿಲ್ಲ. ಇದು ಗೊತ್ತಿಲ್ಲದ ಸಲಹೆಗಾರರು ಇಂದಿಗೂ "ಯಾರಿಗೂ ಹೇಳಬೇಡಿ, ಪೊಲೀಸ್ ಕೇಸ್ ಆಗುತ್ತದೆ" ಎಂದರೆ ಒಂದು ಜೀವವೇ ಹೋಗಬಹುದು.

ಕಲಿಕೆಯ ದಾರಿಗಳು

ಈ ಕಾರಣಕ್ಕೇ ವೈದ್ಯರು ಐದು ವರ್ಷಕ್ಕೆ 30 ಗಂಟೆಯಾದರೂ ಮುಂದುವರಿದ ಶಿಕ್ಷಣ ಪಡೆಯಬೇಕೆಂಬ ನಿಯಮವಿದೆ. ಚಿಕಿತ್ಸಾ ಮನಶ್ಶಾಸ್ತ್ರಜ್ಞರೂ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ನವೀಕರಿಸಲು ಇಂತಹ ಕಲಿಕೆಯ ಅಂಕ ತೋರಿಸಬೇಕು. 2021ರ ಸಹವರ್ತಿ ಆರೋಗ್ಯ ವೃತ್ತಿಗಳ ಕಾಯ್ದೆಯು ವರ್ತನೆ ಮತ್ತು ಮನಸ್ಸಿನ ಆರೋಗ್ಯದ ಇತರ ಕೆಲಸಗಾರರನ್ನೂ ತನ್ನ ವ್ಯಾಪ್ತಿಗೆ ತಂದಿದೆ.

ಕಲಿಯಲು ಬೆಂಗಳೂರಿಗೇ ಹೋಗಬೇಕೆಂದಿಲ್ಲ. 2018ರಲ್ಲಿ ಆರಂಭವಾದ ನಿಮ್ಹಾನ್ಸ್ ಡಿಜಿಟಲ್ ಅಕಾಡೆಮಿಯು ವೈದ್ಯರು, ನರ್ಸುಗಳು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರಿಗೆ ದೂರದಿಂದಲೇ ಪಾಠ ಹೇಳುತ್ತದೆ. ಉದಗೀರದ ನರ್ಸ್ ಒಬ್ಬರು ತಮ್ಮ ಊರಲ್ಲೇ ಕುಳಿತು ತಜ್ಞರ ಮುಂದೆ ತಮ್ಮ ಕಷ್ಟದ ಪ್ರಕರಣವನ್ನಿಟ್ಟು ಸಲಹೆ ಪಡೆಯುವ ಕಾಲವಿದು. ಕನ್ನಡದಲ್ಲಿ ಮನಸ್ಸಿನ ಬಗ್ಗೆ ನೂರಾರು ಪುಸ್ತಕ ಬರೆದು, ಸಾಮಾನ್ಯ ಜನರಿಗೂ ಆಪ್ತಸಲಹೆ ಕಲಿಸಿದ ಡಾ. ಸಿ. ಆರ್. ಚಂದ್ರಶೇಖರ್ ಅವರಿಗೆ 2024ರಲ್ಲಿ ಪದ್ಮಶ್ರೀ ಬಂದದ್ದು ಈ ದಾರಿಗೆ ಸಂದ ಗೌರವ.

ಇನ್ನೂ ಒಂದು ಮಾತಿದೆ. ದಿನವೂ ಪರರ ಸಂಕಟ ಕೇಳುವವರ ಮನಸ್ಸು ಕಲ್ಲಲ್ಲ. ಅನುಭವಿಗಳ ಬಳಿ ಕುಳಿತು "ಇಲ್ಲಿ ಎಡವಿದೆ, ಇಲ್ಲಿ ನನಗೇ ಅಳು ಬಂತು" ಎಂದು ಹೇಳಿಕೊಳ್ಳಲು ಅವರಿಗೂ ಒಂದು ಜಾಗ ಬೇಕು. ಪುನಶ್ಚೇತನ ತರಬೇತಿ ಅಂತಹ ಜಾಗವೂ ಆಗಬೇಕು.

ಅಳುವ ಭಾಷೆ

ಅಜ್ಜಿ ಆ ದಿನ ಮತ್ತೊಂದು ಮಾತು ಹೇಳಿದ್ದರು. ಭೂಕಂಪದ ನಂತರ ಕಾಗದ ಹಿಡಿದು ಬಂದವರು ಮರಾಠಿಯಲ್ಲಿ ಕೇಳಿದರಂತೆ. ಅಜ್ಜಿಗೆ ಮರಾಠಿ ಚೆನ್ನಾಗಿ ಬರುತ್ತದೆ. "ಸಂತ್ಯಾಗ ಮಾತಾಡ್ತೀನಿ. ಆದರ ಮಗಳ ಸುದ್ದಿ ಆ ಮಾತಿನ್ಯಾಗ ಬಾಯಿಗಿ ಬರಲಿಲ್ಲ." ಗಡಿನಾಡಿನಲ್ಲಿ ಕೆಲಸ ಮಾಡುವವರ ತರಬೇತಿಯಲ್ಲಿ ಈ ಪಾಠವೂ ಇರಬೇಕು. ವ್ಯವಹಾರದ ಭಾಷೆ ಒಂದಾದರೆ ಅಳುವ ಭಾಷೆ ಬೇರೆ ಇರಬಹುದು.

2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲೂ ರಾತ್ರಿ, ಉಚಿತವಾಗಿ, ತಮಗೆ ಬೇಕಾದ ಭಾಷೆ ಆರಿಸಿಕೊಂಡು ಮಾತನಾಡಬಹುದು. ಕನ್ನಡವೂ ಇದೆ, ಮರಾಠಿಯೂ ಇದೆ. ಈ ಸಂಖ್ಯೆಯನ್ನು ಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ.

ನಮ್ಮ ಮನೆಗಳಿಗೆ

* ಆಪ್ತಸಲಹೆಗೆ ಹೋಗುವಾಗ "ನೀವು ಎಲ್ಲಿ ಕಲಿತಿರಿ? ಇತ್ತೀಚೆಗೆ ತರಬೇತಿ ಪಡೆದಿದ್ದೀರಾ?" ಎಂದು ಕೇಳಲು ಸಂಕೋಚ ಬೇಡ. ಒಳ್ಳೆಯ ಸಲಹೆಗಾರರು ಬೇಸರಪಡುವುದಿಲ್ಲ.
* ಧರ್ಮಕೇಂದ್ರದಲ್ಲಿ ಮನೆಭೇಟಿ, ರೋಗಿಗಳ ಭೇಟಿ ಮಾಡುವವರು, ಯುವಕರ ಜೊತೆ ಕೆಲಸ ಮಾಡುವವರು ವರ್ಷಕ್ಕೊಮ್ಮೆಯಾದರೂ ತಜ್ಞರಿಂದ ಕಲಿಯಲಿ. ತಮ್ಮ ಮಿತಿ ಅರಿತು, ವೈದ್ಯರ ಬಳಿ ಯಾವಾಗ ಕಳಿಸಬೇಕೆಂದು ತಿಳಿಯಲಿ. ಕೇಳಿದ್ದನ್ನು ಗುಟ್ಟಾಗಿಡಲಿ.
* ಮನೆಯಲ್ಲಿ ಯಾರಾದರೂ ಹಳೆಯ ನೋವಿನ ಮಾತು ತೆಗೆದರೆ "ಮರೆತುಬಿಡು" ಅನ್ನಬೇಡಿ. ಹತ್ತಿರ ಕುಳಿತು ಕೇಳಿ.

ಆ ಅಜ್ಜಿ ಮತ್ತೆ ಸಿಗಲಿಲ್ಲ. ಸಿಕ್ಕಿದ್ದರೆ ಒಳಗೆ ಬನ್ನಿ ಅನ್ನುತ್ತಿರಲಿಲ್ಲ. ನನ್ನ ಚಾಪೆಯನ್ನೂ ಅಂಗಳಕ್ಕೆ ತಂದು ಹಾಸಿ, "ಮಗಳ ಹೆಸರೇನಿತ್ತು ಆಯಿ?" ಎಂದು ಕೇಳುತ್ತಿದ್ದೆ.